ಖಾಲಿ ಬಿಟ್ಟ ಐನೂರ ಏಳು

ನಿವೃತ್ತಿಯಾದ ಮೇಲೆ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: ಇಷ್ಟು ವರ್ಷ ಗೋವೆಯ ಕುಂಡಯಿಯ ಆ ಔಷಧಿ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಏನು ಮಾಡುತ್ತಿದ್ದೆ? ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಫೋಂಡಾದ ನಮ್ಮ ಬೀದಿಯ ಹೆಂಗಸರಂತೂ ನನ್ನದು ಕಾರ್ಮಿಕರ ಜಗಳ ಬಿಡಿಸುವ ನೌಕರಿ ಎಂದೇ ಬಹಳ ಕಾಲ ನಂಬಿದ್ದರು. ನಾನೂ ಅಲ್ಲವೆಂದು ಹೇಳಲು ಹೋಗಿರಲಿಲ್ಲ. ಜಗಳಕ್ಕೇನೂ ಕೊರತೆ ಇರಲಿಲ್ಲವಲ್ಲ!

ಇದನ್ನು ಬರೆಯುತ್ತಿರುವುದು ಈಗ ತಾನೇ ಈ ಕೆಲಸಕ್ಕೆ ಕಾಲಿಡುತ್ತಿರುವವರಿಗಾಗಿ. ಯಾವ ವರ್ಷ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಲ್ಲಿ ನಿಮಗೂ ರುಚಿಯಿಲ್ಲ, ನನಗೂ ಇಲ್ಲ. ಆದರೆ ಬಳಕೆದಾರರ ಗುಂಪು ಎಂಬ ಈ ವಿಷಯ ಒಣ ವಿಷಯ ಎಂದು ಯಾರಾದರೂ ನಿಮ್ಮ ಮುಂದೆ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ. ಅದನ್ನು ನೆನೆದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ನಮ್ಮದು ಧಾರವಾಡದಿಂದ ಬಂದ ಮನೆತನ. ಅಪ್ಪನಿಗೆ ಫೋಂಡಾದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯಿತ್ತು. ಪಾತ್ರೆಯ ಮೇಲೆ ಹೆಸರು ಕೊರೆಯುವ ಯಂತ್ರವೊಂದೇ ನನಗೆ ಆಗ ಗೊತ್ತಿದ್ದ ಯಂತ್ರ. ಕಂಪ್ಯೂಟರ್ ಕಲಿತು ಕಾರ್ಖಾನೆಗೆ ಸೇರಿದಾಗ ನನ್ನ ಮೇಲಿನವರಾಗಿ ಸಿಕ್ಕವರು ಬಸವಂತಪ್ಪ ಅಂಗಡಿ ಸರ್. ಅವರೂ ನಮ್ಮ ಕಡೆಯವರೇ. ಬೆಳಗಾವಿಯ ವ್ಯಾಪಾರಸ್ಥ ಮನೆತನ, ಫೋಂಡಾ ಪೇಟೆಯಲ್ಲಿ ಅವರ ತಂದೆಯ ಬಟ್ಟೆ ಅಂಗಡಿ. ಮೊದಲ ದಿನ ಬೆಳಿಗ್ಗೆ ಚಹಾ ತರಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಮೇಲೆ ಒಂದು ಫೈಲು ತೆರೆದರು.

ಸಾದಾ ಅಕ್ಷರಗಳ ಫೈಲು. ಸಾಲಿಗೊಂದು ಗುಂಪು. ಮೊದಲು ಗುಂಪಿನ ಹೆಸರು, ಆಮೇಲೆ ಪಾಸ್‌ವರ್ಡ್ ಇರಬೇಕಾದ ಜಾಗದಲ್ಲಿ ಒಂದು ಎಕ್ಸ್, ಆಮೇಲೆ ಒಂದು ನಂಬರು, ಕೊನೆಗೆ ಸದಸ್ಯರ ಹೆಸರುಗಳು. ನಡುನಡುವೆ ಎರಡು ಚುಕ್ಕಿ, ಅಂದರೆ ಕೋಲನ್.

"ಇಷ್ಟೇನ್ರಿ ಸರ್?" ಎಂದೆ.

"ಇಷ್ಟರಿ. ಇಡೀ ಫ್ಯಾಕ್ಟರಿ ಇದರ ಮ್ಯಾಲೆ ನಿಂತೈತಿ. ಲ್ಯಾಬ್‌ನ ಫೈಲು ಲ್ಯಾಬ್‌ನವರಷ್ಟ ತೆರೀಬೇಕು, ಸ್ಟೋರ್‌ದು ಸ್ಟೋರ್‌ನವರು. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಪರವಾನಗಿ ಕೊಡಕೋತ ಕುಂತ್ರ ನಮ್ಮ ಆಯುಷ್ಯ ಸಾಲಂಗಿಲ್ಲ. ಗುಂಪಿಗೆ ಕೊಟ್ರ ಮುಗೀತು."

ಆಮೇಲೆ ಅವರು ಹೇಳಿದ್ದು ನನ್ನ ತಲೆಯಲ್ಲಿ ಅಚ್ಚೊತ್ತಿ ಕೂತಿತು. ಕಂಪ್ಯೂಟರಿಗೆ ಹೆಸರು ಬೇಕಿಲ್ಲ. ಹೆಸರೆಲ್ಲ ನಮಗಾಗಿ. ಪ್ರತಿ ಫೈಲಿನ ಜೊತೆ ಅದು ಬರೆದಿಟ್ಟುಕೊಳ್ಳುವುದು ಗುಂಪಿನ ನಂಬರನ್ನು ಮಾತ್ರ. ನಾವು ಫೈಲುಗಳ ಪಟ್ಟಿ ಕೇಳಿದಾಗ ಆ ನಂಬರನ್ನು ಹಿಡಿದು ಈ ಸಾಲುಗಳಲ್ಲಿ ಹುಡುಕಿ, ಸಿಕ್ಕ ಹೆಸರನ್ನು ತೋರಿಸುತ್ತದೆ. ಸಿಗದಿದ್ದರೆ ಬರೀ ನಂಬರು ತೋರಿಸಿ ಸುಮ್ಮನಾಗುತ್ತದೆ. ನನಗೆ ಮೈ ಜುಮ್ಮೆಂದಿತು. ನಾನು ಅಲ್ಲಿಯವರೆಗೆ ಕಂಪ್ಯೂಟರಿಗೆ ನಮ್ಮೆಲ್ಲರ ಹೆಸರು ಗೊತ್ತಿದೆ ಎಂದುಕೊಂಡಿದ್ದೆ!

ಅಂಗಡಿ ಸರ್‌ರಿಗೆ ಒಂದು ಚಟವಿತ್ತು. ಬಟ್ಟೆ ಅಂಗಡಿಯಲ್ಲಿ ಬೆಳೆದವರಲ್ಲವೇ, ಕಪಾಟಿನಲ್ಲಿ ಖಾಲಿ ಖಾನೆ ಕಂಡರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಗಿರಾಕಿ ಒಂದು ಥಾನು ಒಯ್ದರೆ ಆ ಖಾನೆಗೆ ಕೂಡಲೇ ಇನ್ನೊಂದು ಬರಬೇಕು. ಖಾನೆ ಖಾಲಿ ಇಟ್ಟರೆ ಗಿರಾಕಿ ಬರುವುದಿಲ್ಲವೆಂದು ಅವರ ತಂದೆ ಕಲಿಸಿದ್ದರಂತೆ. ಅದನ್ನೇ ಇಲ್ಲಿಗೂ ತಂದರು. ಯಾವುದಾದರೂ ಗುಂಪು ಬೇಡವೆಂದು ತೆಗೆದರೆ ಆ ನಂಬರು ಖಾಲಿ ಉಳಿಯುತ್ತದಲ್ಲ, ಹೊಸ ಗುಂಪು ಬಂದಾಗ ಕೊನೆಯ ನಂಬರಿನ ಮುಂದಿನದನ್ನು ಕೊಡುವ ಬದಲು ಆ ಖಾಲಿ ನಂಬರನ್ನೇ ಕೊಡುತ್ತಿದ್ದರು. "ನಡಬರಕ ಖಾಲಿ ಯಾಕ ಬಿಡಬೇಕ್ರಿ? ನೋಡಾಕ ಚಂದ ಕಾಣಂಗಿಲ್ಲ," ಎನ್ನುತ್ತಿದ್ದರು. ಒಂದು ಸಾಲೂ ಬಿಡದೆ ನಂಬರುಗಳು ಕ್ರಮವಾಗಿ ಇಳಿಯುವುದನ್ನು ನೋಡಿ ನಾನೂ ಮೆಚ್ಚಿ ತಲೆದೂಗುತ್ತಿದ್ದೆ.

ಮೊದಲು ನನ್ನ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಇದನ್ನು ಮಾಡದವರು ಈ ಕೆಲಸದಲ್ಲಿ ಯಾರೂ ಇಲ್ಲ. ಸ್ಟೋರಿನ ಮುಖ್ಯಸ್ಥರನ್ನು ಖರೀದಿ ಗುಂಪಿಗೂ ಸೇರಿಸಬೇಕೆಂದು ಹೇಳಿ ಕಳಿಸಿದರು. ಹಾಗೆ ಸೇರಿಸುವ ಆಜ್ಞೆಯಲ್ಲಿ 'ಇದನ್ನೂ' ಎಂದು ಸೂಚಿಸುವ ಒಂದೇ ಒಂದು ಅಕ್ಷರವಿದೆ. ಅದನ್ನು ಹಾಕದಿದ್ದರೆ ಕಂಪ್ಯೂಟರ್ 'ಇದೊಂದೇ ಸಾಕು' ಎಂದು ತಿಳಿದು, ಆ ಮನುಷ್ಯನನ್ನು ಉಳಿದ ಎಲ್ಲ ಹೆಚ್ಚುವರಿ ಗುಂಪುಗಳಿಂದ ಎತ್ತಿ ಹೊರಗೆ ಹಾಕುತ್ತದೆ. ನಾನು ಹಾಕಲಿಲ್ಲ. ಆದರೂ ಬೆಳಿಗ್ಗೆಯೆಲ್ಲ ಏನೂ ಆಗಲಿಲ್ಲ. ಯಾಕೆಂದರೆ ಯಾರು ಯಾವ ಗುಂಪಿನವರು ಎಂಬುದನ್ನು ಯಂತ್ರ ನೋಡುವುದು ನೀವು ಲಾಗಿನ್ ಆಗುವಾಗ ಒಂದೇ ಸಲ. ಒಳಗೆ ಬಂದವರು ಹೊರಗೆ ಹೋಗುವವರೆಗೂ ಆಗ ಸಿಕ್ಕ ಗುಂಪುಗಳ ಮೇಲೆಯೇ ಓಡಾಡಿಕೊಂಡಿರುತ್ತಾರೆ. ಪಾಪ, ಅವರು ಊಟಕ್ಕೆ ಹೋಗುವಾಗ ಲಾಗೌಟ್ ಮಾಡಿ ಹೋದರು. ಮೀನು ಸಾರು ಉಂಡು ಬಂದು ನೋಡಿದರೆ ತಮ್ಮ ಇಲಾಖೆಯ ಒಂದು ಫೈಲೂ ತೆರೆಯದು! "ಮೇಡಮ್, ಮಾಕಾ ಕಾಡ್ಲೊ?" ಎಂದು ಕೊಂಕಣಿಯಲ್ಲಿ ಕೇಳುತ್ತ ಬಂದರು. ನೌಕರಿಯಿಂದ ತೆಗೆದರೆಂದೇ ತಿಳಿದಿದ್ದರು. ನಾನು ಸರಿಪಡಿಸಿ, ಮತ್ತೆ ಲಾಗಿನ್ ಆಗಲು ಹೇಳಿ, ಅವರ ಮುಖ ಅರಳಿದ್ದನ್ನು ನೋಡಿದ ಮೇಲೆಯೇ ನನ್ನ ಡಬ್ಬಿ ಬಿಚ್ಚಿದೆ.

ಇನ್ನೊಂದು ಪ್ರಸಂಗವನ್ನು ಬಿಡುವ ಹಾಗಿಲ್ಲ, ಮುಂದಿನದಕ್ಕೆಲ್ಲ ಅದೇ ಬೀಗದ ಕೈ. ನಮ್ಮ ಕಾರ್ಖಾನೆಯ ಮುಖ್ಯಸ್ಥರು ಪ್ರಭುದೇಸಾಯಿ ಸಾಹೇಬರು, ಗೋವೆಯವರೇ. ದನಿ ಗುಡುಗು, ಮನಸ್ಸು ಕೆಟ್ಟದ್ದಲ್ಲ. ಅವರಿಗೆ ಕಾರ್ಖಾನೆಯ ಎಲ್ಲ ಗುಂಪುಗಳಲ್ಲೂ ತಾವಿರಬೇಕೆಂಬ ಹಟ ಹುಟ್ಟಿತು. ಲ್ಯಾಬ್, ಸ್ಟೋರ್, ಖರೀದಿ, ಕ್ಯಾಂಟೀನ್‌ವರೆಗೆ ಸೇರಿಸಿದ್ದಾಯಿತು. ತಮ್ಮ ಯಂತ್ರದ ಮೇಲಿದ್ದ ಫೈಲುಗಳೆಲ್ಲ ತೆರೆಯುತ್ತಿದ್ದವು. ಬೇರೆ ಯಂತ್ರದಿಂದ ಜಾಲದ ಮೂಲಕ ಬರುವ ಕೆಲವು ಫೋಲ್ಡರುಗಳು ಮಾತ್ರ ಅವರಿಗೆ ಬಾಗಿಲು ಹಾಕುತ್ತಿದ್ದವು. "ಹೆಸರಿದೆ, ಆದರೂ ಬಿಡುವುದಿಲ್ಲ, ಇದೇನು ನಿಮ್ಮ ಯಂತ್ರದ ಧಿಮಾಕು?" ಎಂದು ಹಿಂದಿಯಲ್ಲಿ ಕೂಗಾಡಿದರು.

ತಲೆ ಕೆಟ್ಟು ಹೋಗುವಷ್ಟು ಹುಡುಕಿದೆ. ಕೊನೆಗೆ ಹೊಳೆಯಿತು. ಒಂದು ಯಂತ್ರ ಇನ್ನೊಂದರ ಫೋಲ್ಡರನ್ನು ಕೇಳುವಾಗ ಈ ಹಳೆಯ ಪದ್ಧತಿಯಲ್ಲಿ 'ಕೇಳುತ್ತಿರುವವನ ಗುಂಪುಗಳ ನಂಬರು ಇವು' ಎಂದು ಹೇಳಿ ಕಳಿಸುತ್ತದೆ. ಹಾಗೆ ಹೆಚ್ಚುವರಿ ಗುಂಪಿನ ಹದಿನಾರು ನಂಬರುಗಳಿಗೆ ಮಾತ್ರ ಜಾಗ. ಹದಿನೇಳನೆಯದು ದಾರಿಯಲ್ಲೇ ಬಿದ್ದುಹೋಗುತ್ತದೆ. ಸಾಹೇಬರು ಅದಕ್ಕಿಂತ ಹೆಚ್ಚು ಗುಂಪುಗಳಲ್ಲಿದ್ದರು! ವಿವರಿಸಿದಾಗ ಅವರು ದುರುಗುಟ್ಟಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, "ಕ್ಯಾಂಟೀನ್‌ನಿಂದ ತೆಗೆಯಿರಿ, ಅಲ್ಲಿನ ಸಾರು ಹೇಗೂ ಚೆನ್ನಾಗಿಲ್ಲ" ಎಂದರು. ನನಗೆ ಮಾತ್ರ ಅಂದು ಸಿಕ್ಕ ಪಾಠ ಬೇರೆಯದು. ಜಾಲದ ಮೇಲೆ ಪ್ರಯಾಣ ಮಾಡುವುದು ಬರೀ ನಂಬರು, ಹೆಸರಲ್ಲ. ಈ ತುದಿಯ ಯಂತ್ರ ಹೇಳಿದ ನಂಬರನ್ನು ಆ ತುದಿಯ ಯಂತ್ರ ಸುಮ್ಮನೆ ನಂಬುತ್ತದೆ.

ಈಗ ಗಂಗಾ ವಿಷಯಕ್ಕೆ ಬರುತ್ತೇನೆ.

ಗಂಗಾ ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಕೆಮಿಸ್ಟ್. ಅವಳ ತಂದೆ ವಿಜಯಪುರದ ಕಡೆಯಿಂದ ಬಂದು ಕುಡಚಡೆಯಲ್ಲಿ ಅದಿರು ಲಾರಿಗಳ ಮೇಲೆ ಕೂಲಿ ಮಾಡಿದವರು. ತಾಯಿ ಕಟ್ಟಡದ ಕೆಲಸದಲ್ಲಿದ್ದವರು. ಅವರ ಬಳಗದಲ್ಲೇ ಬಿಳಿ ಕೋಟು ಹಾಕಿದವಳು ಇವಳೊಬ್ಬಳು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಆಗುವ ದಿನ ಹತ್ತಿರ ಬಂದಿತ್ತು. ನನ್ನನ್ನು 'ಅಕ್ಕಾರ' ಎಂದು ಕರೆಯುತ್ತಿದ್ದಳು, ಬಸ್ಸಿನಲ್ಲಿ ಸಿಕ್ಕರೆ ಪಕ್ಕದ ಸೀಟು ಹಿಡಿದಿಡುತ್ತಿದ್ದಳು.

ನಮ್ಮ ಕಾರ್ಖಾನೆಯಲ್ಲಿ ರಜೆಯ ಒಂದು ಒಪ್ಪಂದವಿತ್ತು. ಎಲ್ಲೂ ಬರೆದಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ನಾಗರ ಪಂಚಮಿಗೆ ನಾವು ಉತ್ತರ ಕರ್ನಾಟಕದವರು ಊರಿಗೆ ಹೋಗುವುದು, ಗೋವೆಯವರು ನಮ್ಮ ಕೆಲಸ ನೋಡಿಕೊಳ್ಳುವುದು. ಗಣಪತಿಯ ಚವತಿಗೆ ಗೋವೆಯವರು ತಮ್ಮ ಮೂಲಮನೆಗೆ ಹೋಗುವುದು, ನಾವು ಇಲ್ಲಿ ನಿಲ್ಲುವುದು. ಆ ವರ್ಷದ ಚವತಿಗೆ ಲ್ಯಾಬಿನವರೆಲ್ಲ ಹೋದರು. ಉಳಿದವಳು ಗಂಗಾ ಒಬ್ಬಳೇ.

ಹಬ್ಬ ಮುಗಿದು ಎಲ್ಲರೂ ಬಂದಾಗ ಬೆಂಕಿ ಹತ್ತಿತು. ಒಂದು ಮಾತ್ರೆಯ ತಯಾರಿಕೆಯ ಪರೀಕ್ಷೆಯಲ್ಲಿ ಶುದ್ಧತೆ ತೊಂಬತ್ತೊಂಬತ್ತಕ್ಕಿಂತ ಕಡಿಮೆ ಇರಬಾರದು. ಪರೀಕ್ಷಾ ಯಂತ್ರದಿಂದ ಬಂದ ಕಾಗದದಲ್ಲಿ 98.96 ಎಂದಿತ್ತು. ಅಂದರೆ ಮಾಲು ಫೇಲು. ಕಂಪ್ಯೂಟರಿನ ಫೈಲಿನಲ್ಲಿ 99.0 ಎಂದಿತ್ತು. ಅಂದರೆ ಪಾಸು! ಲಾರಿಗೆ ಏರಿಸುವ ಮುಂಚೆ ಎರಡನ್ನೂ ತಾಳೆ ನೋಡಿದ್ದರಿಂದ ಮಾಲು ಹೊರಗೆ ಹೋಗಲಿಲ್ಲ, ಪುಣ್ಯ. ಆದರೆ ಫೈಲು ಗಂಗಾಳದು. ತಿದ್ದಿದ ಸಮಯ ಚವತಿಯ ಹಿಂದಿನ ದಿನದ ಮಧ್ಯಾಹ್ನ.

ಪ್ರಭುದೇಸಾಯಿ ಸಾಹೇಬರು ನಮ್ಮನ್ನು ಕರೆಸಿದರು. ಗಂಗಾ ಬಾಗಿಲ ಹತ್ತಿರ ನಿಂತಿದ್ದಳು.

"ಈ ಫೈಲಿಗೆ ಬರೆಯುವ ಅಧಿಕಾರ ಯಾರಿಗಿದೆ?" ಎಂದು ಸಾಹೇಬರು ಕೇಳಿದರು.

ಅಂಗಡಿ ಸರ್ ಲ್ಯಾಬಿನ ಸರ್ವರಿನಲ್ಲಿ ನೋಡಿ ಹೇಳಿದರು: ಗುಂಪು ಲ್ಯಾಬ್, ನಂಬರು ಐನೂರ ಏಳು, ಸದಸ್ಯರು ಇಂಥವರು. ಅವರಲ್ಲಿ ಆ ದಿನ ಕಾರ್ಖಾನೆಯಲ್ಲಿದ್ದವಳು ಗಂಗಾ ಮಾತ್ರ. ಯಾರೂ ಹೊರಗಿನಿಂದ ಲಾಗಿನ್ ಆಗಿರಲಿಲ್ಲ.

ಸಾಹೇಬರು ಆ ದಿನ ಕೂಗಾಡಲಿಲ್ಲ, ಅದೇ ಭಯವಾಗಿದ್ದು. "ನಾಳೆ ಸಂಜೆಯೊಳಗೆ ರಾಜೀನಾಮೆ ಕೊಟ್ಟರೆ ಕಾರಣ ಬರೆಯುವುದಿಲ್ಲ. ಇಲ್ಲದಿದ್ದರೆ ಬರೆಯಬೇಕಾಗುತ್ತದೆ. ಔಷಧಿ ಕಾರ್ಖಾನೆಯಲ್ಲಿ ಫಲಿತಾಂಶ ತಿದ್ದಿದವಳು ಎಂದು ಬರೆದರೆ ಕುಂಡಯಿಯಲ್ಲಿ ಮಾತ್ರವಲ್ಲ, ಎಲ್ಲೂ ನಿನಗೆ ಕೆಲಸ ಸಿಗುವುದಿಲ್ಲ," ಎಂದರು.

ಹೊರಗೆ ಬಂದ ಗಂಗಾ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು.

"ನಾ ತಿದ್ದಿಲ್ರಿ ಅಕ್ಕಾರ. ಕಾಗದ ನೋಡೇ ಬರದೇನಿ. ಫೇಲ್ ಆದದ್ದು ಪಾಸ್ ಮಾಡಿದ್ರ ನನಗೇನ್ರಿ ಸಿಗತೈತಿ? ಮಾತ್ರಿ ನುಂಗೋರು ನಮ್ಮ ಅವ್ವನಂಥೋರ ಅಲ್ಲೇನ್ರಿ?"

"ಬಾ ಇಲ್ಲಿ. ಫೈಲ್ ತೆಗಿಯೋಣು," ಎಂದೆ. ನನಗೆ ಅವಳ ಮೇಲೆ ನಂಬಿಕೆಯಿತ್ತು, ಯಂತ್ರದ ಮೇಲೂ ಇತ್ತು. ಎರಡೂ ಒಟ್ಟಿಗೆ ಸರಿಯಿರಲು ಸಾಧ್ಯವಿಲ್ಲದ ಸ್ಥಿತಿ.

ಪರದೆಯ ಮೇಲೆ ಫೈಲು, ಮೇಜಿನ ಮೇಲೆ ಯಂತ್ರದ ಕಾಗದ. ವಿಚಾರಣೆಯಲ್ಲಿ ಎಲ್ಲರೂ ಶುದ್ಧತೆಯ ಆ ಒಂದು ಅಂಕಿಯನ್ನು ಮಾತ್ರ ಹಿಡಿದುಕೊಂಡಿದ್ದರು. ಗಂಗಾ ಮೇಲಿನಿಂದ ಕೆಳಗೆ ಬೆರಳಿಟ್ಟು ಓದತೊಡಗಿದಳು. ತೇವಾಂಶ ಕಾಗದದಲ್ಲಿ 4.37, ಫೈಲಿನಲ್ಲಿ 4.4. ಇನ್ನೊಂದು 6.82, ಇಲ್ಲಿ 6.8. ಮತ್ತೊಂದು 0.14, ಇಲ್ಲಿ 0.1. ಬೆರಳು ನಿಂತಿತು.

"ಅಕ್ಕಾರ, ಪೂರಾ ಫೈಲ್‌ನ್ಯಾಗ ಎರಡನೇ ಅಂಕಿನ ಇಲ್ರಿ! ನಾ ಮೋಸ ಮಾಡಾಕ ಕುಂತ್ರ ಒಂದ ತಿದ್ದತಿದ್ನಿ. ಎಲ್ಲಾ ಯಾಕ ತಿದ್ದಲಿ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇದು ಮನುಷ್ಯರ ಕೆಲಸವಲ್ಲ! ಎಲ್ಲ ಅಂಕಿಗಳನ್ನೂ ಒಂದು ದಶಮಾಂಶಕ್ಕೆ ಇಳಿಸಿದ್ದು ಯಾವುದೋ ಪ್ರೋಗ್ರಾಂ. ಆ ಒಂದು ಅಂಕಿ ಗಡಿಯ ಅಂಚಿನಲ್ಲಿದ್ದುದರಿಂದ ಈ ಕಡೆಗೆ ಬಿದ್ದಿದೆ, ಅಷ್ಟೆ. ಆದರೆ ಯಾವ ಪ್ರೋಗ್ರಾಂ? ಐನೂರ ಏಳನೆಯ ಗುಂಪಿನವರು ಬಿಟ್ಟರೆ ಬೇರಾರೂ ಆ ಫೋಲ್ಡರಿಗೆ ಬರೆಯಲಾರರು.

ಐನೂರ ಏಳು. ನಂಬರು. ಹೆಸರಲ್ಲ, ನಂಬರು!

ಸಾಹೇಬರ ಹದಿನೇಳನೆಯ ಗುಂಪು ನೆನಪಿಗೆ ಬಂತು. ಲ್ಯಾಬಿನ ಫೋಲ್ಡರು ಪ್ಯಾಕಿಂಗ್ ವಿಭಾಗದ ಸರ್ವರಿಗೂ ಜಾಲದ ಮೂಲಕ ಕಾಣುತ್ತಿತ್ತು. ಪೆಟ್ಟಿಗೆಗೆ ಅಂಟಿಸುವ ಲೇಬಲ್ಲಿನಲ್ಲಿ ಮುದ್ರಿಸುವ ವಿವರಗಳನ್ನು ಅವರು ಅಲ್ಲಿಂದಲೇ ಓದಿಕೊಳ್ಳುತ್ತಿದ್ದರು. ಓದುವುದಕ್ಕೆ ಎಲ್ಲರಿಗೂ ಬಿಟ್ಟಿತ್ತು. ಬರೆಯಲು ಬಿಟ್ಟದ್ದು ಐನೂರ ಏಳಕ್ಕೆ ಮಾತ್ರ. ಆದರೆ ಆ ಕಾಲದಲ್ಲಿ ನಮ್ಮ ಒಂದೊಂದು ಸರ್ವರಿನಲ್ಲೂ ಅದರದೇ ಗುಂಪುಗಳ ಫೈಲು. ಪ್ಯಾಕಿಂಗಿನ ಸರ್ವರಿನಲ್ಲಿ ಐನೂರ ಏಳು ಎಂದರೆ ಯಾರು? ಅದನ್ನು ನಾವು ಯಾರೂ ನೋಡಿರಲೇ ಇಲ್ಲ.

ಗಂಗಾಳ ಕೈ ಹಿಡಿದು ಎಳೆದುಕೊಂಡು ಓಡಿದೆ. ಖರೇ ಹೇಳುತ್ತೇನೆ, ಓಡಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ರಟ್ಟಿನ ಡಬ್ಬಗಳ ಸಾಲಿನ ನಡುವೆ, ಅಂಟಿನ ವಾಸನೆಯ ಆ ಹಾಲಿನಲ್ಲಿ. ಪ್ಯಾಕಿಂಗಿನ ಹೆಂಗಸರು ಕೆಲಸ ಬಿಟ್ಟು ನೋಡಿದರು. ಅಲ್ಲಿನ ಸರ್ವರಿನ ಮುಂದೆ ನಿಂತೇ ಲ್ಯಾಬಿನ ಫೋಲ್ಡರಿನ ಪಟ್ಟಿ ಕೇಳಿದೆ. ಅದೇ ಫೈಲು. ಅದೇ ಗಂಗಾಳ ಫೈಲು. ನಮ್ಮ ಕಡೆಯಿಂದ ನೋಡಿದರೆ ಗುಂಪಿನ ಹೆಸರು 'ಲ್ಯಾಬ್' ಎಂದು ಬರುತ್ತಿತ್ತಲ್ಲ, ಇಲ್ಲಿ ಬಂದದ್ದು 'ಲೇಬಲ್'!

ನಾನು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ಗಂಗಾ ನನ್ನನ್ನು ಅಪ್ಪಿಕೊಂಡು ಒಂದು ಸುತ್ತು ತಿರುಗಿಸಿದಳು.

ಚವತಿಯ ರಜೆಯಲ್ಲಿ ಯಂತ್ರಗಳು ಖಾಲಿ ಇರುತ್ತವೆಂದು ಪ್ಯಾಕಿಂಗಿನವರು ಹೊಸ ಲೇಬಲ್ ಪ್ರೋಗ್ರಾಂ ಹಚ್ಚಿಟ್ಟು ಹೋಗಿದ್ದರು. ಅದಕ್ಕೆ ಒಂದೇ ದಶಮಾಂಶದ ಅಂಕಿ ಬೇಕಿತ್ತು. ಆ ದಿನದ ಹೊಸ ಫೈಲುಗಳಲ್ಲಿ ಬರೆಯಲು ಬರುವವನ್ನೆಲ್ಲ ತಿದ್ದು, ಬರದವನ್ನು ಬಿಡು ಎಂದು ಅದಕ್ಕೆ ಹೇಳಲಾಗಿತ್ತು. ತಮ್ಮ ಫೈಲುಗಳನ್ನು ಮಾತ್ರ ಅದು ಮುಟ್ಟುತ್ತದೆಂದು ಅವರ ಲೆಕ್ಕ. ಅದು ಲ್ಯಾಬಿನ ಬಾಗಿಲಿಗೂ ಹೋಗಿ 'ನಾನು ಐನೂರ ಏಳು' ಎಂದಿತು. ಲ್ಯಾಬಿನ ಸರ್ವರ್ 'ನಮ್ಮವರೇ, ಬನ್ನಿ' ಎಂದಿತು. ಫೈಲಿನ ಒಳಗಿದ್ದದ್ದನ್ನು ಮಾತ್ರ ತಿದ್ದಿದ್ದರಿಂದ ಒಡೆತನದ ಜಾಗದಲ್ಲಿ ಗಂಗಾಳ ಹೆಸರು ಹಾಗೇ ಉಳಿಯಿತು.

ಇಷ್ಟೆಲ್ಲ ಕುಣಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಲೇಬಲ್ ಗುಂಪಿಗೆ ಐನೂರ ಏಳನ್ನು ಕೊಟ್ಟವರು ಯಾರು? ಕೊಡುವ ಅಧಿಕಾರ ಇದ್ದದ್ದು ಒಬ್ಬರಿಗೇ. ನನ್ನ ಉತ್ಸಾಹ ಅಲ್ಲೇ ಇಳಿದುಹೋಯಿತು.

ಅಂಗಡಿ ಸರ್ ಬಂದರು. ನೋಡಿದರು. ಕನ್ನಡಕ ತೆಗೆದು ಅಲ್ಲಿದ್ದ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು.

"ಇದನ್ನ ನಾನ ತುಂಬೇನ್ರಿ, ಸುಮಂಗಲಾ. ಮದಲ ಇಲ್ಲೂ ಲ್ಯಾಬ್ ಅಂತ ಒಂದು ಸಾಲಿತ್ತು. ಲ್ಯಾಬ್‌ನವರು ಯಾರೂ ಈ ಮಷಿನ್‌ಗೆ ಬರಂಗಿಲ್ಲ, ಯಾರೂ ಇಲ್ಲದ ಗುಂಪು ಯಾಕ ಅಂತ ತೆಗದೆ. ಆಮ್ಯಾಲೆ ಖಾಲಿ ಕಾಣಾಕತ್ತಿತು. ಲೇಬಲ್‌ನವರನ್ನ ಅಲ್ಲಿ ಕುಂದರಿಸಿದೆ."

ನನ್ನ ಕೈಹಿಡಿದು ಕೆಲಸ ಕಲಿಸಿದವರು. ಅವರ ನಿವೃತ್ತಿಗೂ ಹೆಚ್ಚು ಕಾಲ ಉಳಿದಿರಲಿಲ್ಲ. ಗಂಗಾ ಒಂದು ಕಡೆ ನಿಂತು ಅವರನ್ನೇ ನೋಡುತ್ತಿದ್ದಳು. ಅವಳ ರಾಜೀನಾಮೆಯ ಗಡುವು ಮರುದಿನದ ಸಂಜೆಗಿತ್ತು. ಸರ್ ಬಾಯಿ ಬಿಡದಿದ್ದರೆ ನಾನೇ ಬಿಡಬೇಕಾಗುತ್ತಿತ್ತು.

ಅವರು ಎದ್ದರು. "ನಡೀವಾ ತಂಗಿ," ಎಂದು ಗಂಗಾಳಿಗೆ ಹೇಳಿ ಮುಂದೆ ನಡೆದರು.

ಸಾಹೇಬರ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋದದ್ದನ್ನು ನಾನು ಅಂದೊಂದೇ ಸಲ ನೋಡಿದೆ.

"ಕಿತೆಂ ಜಾಲೆಂ?" ಸಾಹೇಬರು ತಲೆ ಎತ್ತಿದರು. ಏನಾಯಿತೆಂದು ಕೇಳಿದ್ದು.

ಅಂಗಡಿ ಸರ್ ತಮ್ಮ ಹರಕು ಹಿಂದಿಯಲ್ಲಿ ನೇರವಾಗಿ ಹೇಳಿದರು. ಈ ಹುಡುಗಿ ತಪ್ಪು ಮಾಡಿಲ್ಲ. ಒಂದು ನಂಬರಿಗೆ ಎರಡು ಕಡೆ ಎರಡು ಹೆಸರಾಗಿದೆ. ಹಾಗೆ ಮಾಡಿದವನು ನಾನು. ಸಾಹೇಬರು ನಂಬಲಿಲ್ಲ, "ತೋರಿಸಿ" ಎಂದರು.

ತೋರಿಸಿದೆವು! ಲ್ಯಾಬಿನ ಸರ್ವರಿನಲ್ಲಿ ಒಂದು ಪ್ರಯೋಗದ ಫೋಲ್ಡರು ಮಾಡಿದೆ. ಗಂಗಾ ಅದರಲ್ಲಿ ಹೊಸ ಫೈಲು ತೆರೆದು 98.96 ಎಂದು ತನ್ನ ಕೈಯಾರೆ ಬರೆದು, ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹಿಂದೆ ಸರಿದು ನಿಂತಳು. ಅಂಗಡಿ ಸರ್ ಫೋನಿನಲ್ಲಿ ಪ್ಯಾಕಿಂಗಿನವರಿಗೆ ಆ ಫೋಲ್ಡರಿನ ಮೇಲೆ ಮಾತ್ರ ಲೇಬಲ್ ಪ್ರೋಗ್ರಾಂ ಓಡಿಸಲು ಹೇಳಿದರು. ನಾನು ಫೈಲನ್ನು ಮತ್ತೆ ತೆರೆದೆ. 99.0. ಒಡತಿಯ ಹೆಸರು: ಗಂಗಾ.

ಸಾಹೇಬರು ಪರದೆಯನ್ನು ನೋಡಿದರು, ಗಂಗಾಳ ಜೇಬಿನೊಳಗಿನ ಕೈಗಳನ್ನು ನೋಡಿದರು. ಆಮೇಲೆ ಶುರುವಾಯಿತು ನೋಡಿ ಗುಡುಗು! ಅಂಗಡಿ ಸರ್‌ರಿಗೆ ಬಿದ್ದ ಬೈಗುಳ ಗೇಟಿನ ಕಾವಲಿನವನಿಗೂ ಕೇಳಿಸಿರಬೇಕು. ಸರ್ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಬೈದು ದಣಿದ ಸಾಹೇಬರು ಗಂಗಾಳ ಕಡೆ ತಿರುಗಿ, "ಚವತಿಯ ನೆವರಿ ತಿಂದೆಯಾ ಇಲ್ಲವಾ?" ಎಂದು ಕೇಳಿ, ತಮ್ಮ ಮನೆಯಿಂದ ತಂದಿದ್ದ ಕರಿಗಡಬಿನ ಡಬ್ಬಿಯನ್ನೇ ಅವಳ ಮುಂದೆ ತಳ್ಳಿದರು. ಅವರ ಕ್ಷಮೆ ಕೇಳುವ ರೀತಿ ಅದು. ಗಂಗಾ ಒಂದು ತೆಗೆದುಕೊಂಡು, ಇನ್ನೊಂದನ್ನು ಅಂಗಡಿ ಸರ್ ಕೈಗೆ ಕೊಟ್ಟಳು. ಆ ತಿಂಗಳೇ ಅವಳ ನೌಕರಿ ಖಾಯಂ ಆಯಿತು.

ಎರಡೂ ಗುಂಪುಗಳಿಗೆ ಹೊಸ ನಂಬರು ಕೊಟ್ಟು, ಸರ್ವರುಗಳಲ್ಲಿದ್ದ ಅವರ ಫೈಲುಗಳ ಮೇಲಿನ ನಂಬರನ್ನೆಲ್ಲ ಬದಲಿಸಿದೆವು. ಐನೂರ ಏಳನ್ನು ಮಾತ್ರ ಮತ್ತೆ ಯಾರಿಗೂ ಕೊಡುವ ಹಾಗಿರಲಿಲ್ಲ. ಬೀರುವಿನಲ್ಲಿಟ್ಟ ಹಳೆಯ ಬ್ಯಾಕಪ್ ಟೇಪುಗಳಲ್ಲಿ ಲ್ಯಾಬಿನ ಅದೆಷ್ಟೋ ಫೈಲುಗಳು ಅದೇ ನಂಬರು ಹೊತ್ತು ಮಲಗಿದ್ದವು. ಯಾವತ್ತಾದರೂ ಅವನ್ನು ಹೊರತೆಗೆದರೆ, ಆಗ ಆ ನಂಬರು ಯಾರದೋ ಫೈಲುಗಳೂ ಅವರವೇ ಆಗಿಬಿಡುತ್ತವೆ. ಬರೀ ಖಾಲಿ ಬಿಟ್ಟರೆ ಮುಂದೆ ಬರುವವರು ಯಾರೋ ತುಂಬಿಬಿಡುತ್ತಾರೆ. ಅದಕ್ಕೆ ಅಂಗಡಿ ಸರ್ ಆ ನಂಬರಿನಲ್ಲಿ ಒಬ್ಬ ಸದಸ್ಯರೂ ಇಲ್ಲದ ಒಂದು ಗುಂಪು ಮಾಡಿ, ಎಲ್ಲ ಸರ್ವರುಗಳಲ್ಲೂ ಹಾಕಿದರು. ಹೆಸರೇನಿಡೋಣ ಎಂದು ನಾನು ಕೇಳುವ ಮೊದಲೇ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಿದ್ದರು: 'ಮುಟ್ಟಬ್ಯಾಡ್ರಿ'.

"ಖಾಲಿ ಐತಲ್ರಿ ಸರ್, ನಿಮಗ ನಿದ್ದಿ ಬರತೈತೇನ್ರಿ?" ಎಂದು ಕೆಣಕಿದೆ.

"ಇದೊಂದು ಖಾಲಿ ಇದ್ರ ಬರತೈತ್ರಿ," ಎಂದರು. ಅಂದಿನಿಂದ ಅವರು ನಿವೃತ್ತರಾಗುವವರೆಗೆ ಒಂದು ಹಳೆಯ ನಂಬರನ್ನೂ ಮತ್ತೆ ಯಾರಿಗೂ ಕೊಡಲಿಲ್ಲ.

ಕೆಲಸದ ರೀತಿ ಆಮೇಲೆ ಬಹಳ ಬದಲಾಯಿತು. ಸರ್ವರಿಗೊಂದು ಫೈಲು ಎಂಬುದು ಹೋಗಿ, ಇಡೀ ಕಾರ್ಖಾನೆಗೆ ಒಂದೇ ಕೇಂದ್ರ ಡೈರೆಕ್ಟರಿ ಬಂತು. ಈಗ ಯಂತ್ರ ಗುಂಪನ್ನು ಹುಡುಕುವಾಗ ಮೊದಲು ತನ್ನ ಫೈಲು ನೋಡುತ್ತದೆ, ಸಿಗದಿದ್ದರೆ ಕೇಂದ್ರವನ್ನು ಕೇಳುತ್ತದೆ. ಯಾವುದನ್ನು ಮೊದಲು ನೋಡಬೇಕೆಂದು ನಾವೇ ಬರೆದಿಡಬೇಕು. ಕೇಳಿದ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ಅದಕ್ಕೇ ನೀವು ಬದಲಿಸಿದ್ದು ಕೂಡಲೇ ಕಾಣದಿದ್ದರೆ ಗಾಬರಿಯಾಗಬೇಡಿ, ಮೊದಲು ಆ ನೆನಪನ್ನು ಅಳಿಸಿ. ಇನ್ನೊಂದು ಮಾತು. ಗುಂಪಿನ ಸಾಲಿನಲ್ಲಿ ಕೊನೆಗೆ ಬರೆದಿರುವವರೇ ಎಲ್ಲ ಸದಸ್ಯರು ಎಂದು ತಿಳಿಯಬೇಡಿ. ಪ್ರತಿಯೊಬ್ಬನ ಮುಖ್ಯ ಗುಂಪು ಯಾವುದೆಂಬುದು ಅವನ ಖಾತೆಯ ಸಾಲಿನಲ್ಲಿರುತ್ತದೆ, ಇಲ್ಲಿರುವುದಿಲ್ಲ. ಎರಡನ್ನೂ ನೋಡಿಯೇ ಬಾಯಿ ಬಿಡಿ.

ಆ ಕೇಂದ್ರ ಡೈರೆಕ್ಟರಿಗೆ ಎಲ್ಲವನ್ನೂ ಸಾಗಿಸಿದ್ದೇ ನನ್ನ ಕೊನೆಯ ದೊಡ್ಡ ಕೆಲಸ. ಅದಕ್ಕೆಂದು ಮುಂಬೈಯಿಂದ ಒಬ್ಬ ಸಲಹೆಗಾರರು ಬಂದಿದ್ದರು, ಚುರುಕಿನ ಮನುಷ್ಯ. ಬೇಡದ ಗುಂಪುಗಳನ್ನು ಆರಿಸಿ ತೆಗೆಯುತ್ತ ಒಂದು ಕಡೆ ನಿಂತರು.

"ಮೇಡಮ್, ಈ ಮಿಸ್ಟರ್ ಮುಟ್ಟಬ್ಯಾಡ್ರಿ ಈಗಲೂ ಕೆಲಸದಲ್ಲಿದ್ದಾರೆಯೇ?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ನಕ್ಕ ನಗುವಿಗೆ ಅವರು ಹೆದರಿರಬೇಕು. ಆ ಕೋಣೆಯಲ್ಲಿ ಗಂಗಾ ಕೂಡ ಇದ್ದಳು. ಈಗ ಅವಳು ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಏನನ್ನೇ ತೆಗೆಯಬೇಕಾದರೂ ಅವಳ ಒಪ್ಪಿಗೆ ಬೇಕು.

"ಇದರಲ್ಲಿ ಒಬ್ಬ ಸದಸ್ಯರೂ ಇಲ್ಲ. ತೆಗೆಯಲೇ?" ಎಂದು ಅವರು ಅವಳನ್ನು ಕೇಳಿದರು.

"ಬೇಡ," ಎಂದಳು ಗಂಗಾ. "ಯಾರೂ ಇರಬಾರದು ಎಂದೇ ಇಟ್ಟಿರುವುದು."

ಅವರು ಹೆಗಲು ಕುಣಿಸಿ ಅದನ್ನೂ ಸಾಗಿಸಿದರು. ಸಾಗಿಸಿ ಮುಗಿದ ಮೇಲೆ ಎಲ್ಲ ಸರಿಯಿದೆಯೇ ಎಂದು ನೋಡಲು ನಾನು ಕೀಲಿಮಣೆಯ ಕಡೆ ಕೈ ಚಾಚಿದೆ. ಗಂಗಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು.

"ನಾ ಒಮ್ಮಿ ಹುಡುಕಲೇನ್ರಿ, ಅಕ್ಕಾರ?"

ಹೇಗೆ ಕೇಳಬೇಕೆಂದು ಹೇಳಿಕೊಟ್ಟೆ. ಅವಳು ಒಂದೊಂದೇ ಅಕ್ಷರ ಒತ್ತಿ, ಐನೂರ ಏಳು ಎಂದು ಹೊಡೆದಳು. ಹೊಸ ಡೈರೆಕ್ಟರಿ ಎಲ್ಲೋ ಹೋಗಿ ಹುಡುಕಿ ಒಂದು ಸಾಲು ತಂದು ಇಟ್ಟಿತು. ಅಂಗಡಿ ಸರ್ ಇಟ್ಟ ಹೆಸರು, ಎಕ್ಸ್ ಬದಲು ಒಂದು ನಕ್ಷತ್ರ, ನಂಬರು, ಕೊನೆಯ ಕೋಲನ್. ಅದರ ಮುಂದೆ ಏನೂ ಇಲ್ಲ.

ಗಂಗಾ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ನನ್ನ ನೌಕರಿ ಇಲ್ಲೈತ್ರಿ, ಅಕ್ಕಾರ," ಎಂದಳು.